ಉಂಗುರ ಬೆರಳಿಗೆ ಹದಿನೆಂಟು ಬೀಜ

ಬರೆಯದೆ ನಿಂತುಹೋದ ಬಾಲ್‌ಪೆನ್ನನ್ನು ನೀವು ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ. ಬುದ್ಧಿವಂತರಾದರೆ ಎಸೆಯುತ್ತೀರಿ. ನಾನು ಅದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗು ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಸಲ ಒತ್ತಿ ನೋಡಿ, ಉಪ್ಪಿನಕಾಯಿಯ ಹಳೆಯ ಬಾಟಲಿಗೆ ಹಾಕಿಡುತ್ತೇನೆ. ಬಾಟಲಿ ಈಗ ಕುತ್ತಿಗೆಯವರೆಗೆ ತುಂಬಿದೆ. ಮೊನ್ನೆ ಕಪಾಟು ಒರೆಸುತ್ತಿದ್ದ ನನ್ನ ಹೆಂಡತಿ, "ಇವನ್ನೆಲ್ಲ ಯಾವ ಪೆನ್ನಿಗೆ ಹಾಕ್ತೀರಿ, ಹೇಳಿ ನೋಡಾಣ" ಎಂದಳು. ಪೆನ್ನಿಗಲ್ಲ, ಬೆರಳಿಗೆ ಎಂದೆ. ಅವಳು ಈ ಕಥೆಯನ್ನು ಹತ್ತಾರು ಸಲ ಕೇಳಿದ್ದಾಳೆ. ಬಾಯಿ ತೆರೆಯುವ ಮುಂಚೆಯೇ ಬಟ್ಟೆ ಹಿಂಡಲು ಹಿತ್ತಲಿಗೆ ಹೋದಳು. ಹಾಗಾಗಿ ನಿಮಗೆ ಹೇಳುತ್ತೇನೆ, ನೀವು ಎದ್ದು ಹೋಗುವಂತಿಲ್ಲ.

ಬಿಚ್ಚುವ ಚಟ ನನಗೆ ಹತ್ತಿದ್ದು ಅಜ್ಜಂಪುರದಲ್ಲಿ. ಎಪ್ಪತ್ತರ ದಶಕದ ಆರಂಭ, ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಅಪ್ಪನದು ಈರುಳ್ಳಿ ವ್ಯಾಪಾರ; ಮನೆಯ ಮುಂಭಾಗದಲ್ಲಿ ಮೂಟೆಗಳು, ಹಿಂಭಾಗದಲ್ಲಿ ನಾವು. ಮನೆಯಲ್ಲಿ ಬಿಚ್ಚಲು ಯೋಗ್ಯವಾದ ವಸ್ತುಗಳು ಮೂರೇ: ಅಲಾರಾಂ ಗಡಿಯಾರ, ಟಾರ್ಚು, ಅಪ್ಪನ ರೇಡಿಯೋ. ಮೂರನ್ನೂ ಬಿಚ್ಚಿದೆ. ಬಿಚ್ಚಿದ್ದಕ್ಕೆ ಬಿದ್ದ ಏಟುಗಳಲ್ಲಿ ಅರ್ಧ ನನ್ನ ಅಕ್ಕ ಗಿರಿಜೆಗೆ ಸೇರಬೇಕಾಗಿತ್ತು. ನನಗಿಂತ ಆರು ವರ್ಷ ದೊಡ್ಡವಳು. ಹಳೇ ಪೇಪರು ಹಾಸಿ, ನಾನು ಕಿತ್ತು ಕೊಟ್ಟ ಒಂದೊಂದು ಭಾಗವನ್ನೂ ಕಿತ್ತ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದವಳು ಅವಳೇ. "ಕೀಳೋದು ಯಾರ್ ಬೇಕಾದ್ರೂ ಕೀಳ್ತಾರೆ ಕಣೋ ಶಿವು, ಜೋಡ್ಸೋವಾಗ ಗೊತ್ತಾಗುತ್ತೆ" ಎನ್ನುತ್ತಿದ್ದಳು. ಜೋಡಿಸುವಾಗ ಗೊತ್ತಾಗುತ್ತಿದ್ದುದು ಇಷ್ಟೇ, ಒಂದು ಸ್ಕ್ರೂ ಯಾವಾಗಲೂ ಉಳಿಯುತ್ತದೆ. ಅದನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಬಾವಿಗೆ ಹಾಕಿ ಬರುತ್ತಿದ್ದಳು. ಆ ಬಾವಿಯನ್ನು ಈಗ ಯಾರಾದರೂ ಬರಿದು ಮಾಡಿದರೆ ಒಂದು ರೇಡಿಯೋಗೆ ಆಗುವಷ್ಟು ಸಾಮಾನು ಸಿಕ್ಕೀತು.

ಅಕ್ಕನನ್ನು ತರೀಕೆರೆಗೆ ಕೊಟ್ಟರು. ಅವಳ ಮಾವನವರು ಮಠದ ಕಟ್ಟಡವೊಂದರ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಹೊಸ ಸೊಸೆ ಒಂದು ದಿನ ಮಾವನಿಗೆ ಕಾಫಿ ತೆಗೆದುಕೊಂಡು ಮೇಲೆ ಹೋದವಳು ಸಂಜೆಯವರೆಗೆ ಕೆಳಗಿಳಿಯಲಿಲ್ಲವಂತೆ. ಮೂರು ವರ್ಷದಲ್ಲಿ ಕಿರಿಯ ದರ್ಜೆ, ಹಿರಿಯ ದರ್ಜೆ ಎರಡನ್ನೂ ಪಾಸು ಮಾಡಿ, ಮಾವನವರು ತೀರಿಕೊಂಡ ಮೇಲೆ ತಾನೇ ಆ ಆರು ಮಿಷಿನ್‌ಗಳ ಯಜಮಾನಿಯಾದಳು. ನಾನು ಹೋದಾಗಲೆಲ್ಲ ನೋಡುತ್ತಿದ್ದೆ: ಕಣ್ಣು ಕಿಟಕಿಯಾಚೆ, ಬಾಯಿ ಸೊಪ್ಪಿನವಳ ಜೊತೆ ಚೌಕಾಸಿಯಲ್ಲಿ, ಬೆರಳು ಮಾತ್ರ ತಮ್ಮ ಪಾಡಿಗೆ ತಾವು ಓಡುತ್ತಿರುತ್ತಿದ್ದವು. ಹಾಳೆ ತೆಗೆದು ನೋಡಿದರೆ ಒಂದು ತಪ್ಪೂ ಇರುತ್ತಿರಲಿಲ್ಲ. ತರೀಕೆರೆ ತಾಲ್ಲೂಕಿನಲ್ಲಿ ಆಗ ಕಚೇರಿ ಸೇರಿದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ 'ಗಿರಿಜಾ ಮಿಸ್' ಕೈಯಿಂದ ಗೆಣ್ಣಿಗೆ ಸ್ಕೇಲಿನ ಏಟು ತಿಂದವರೇ. ನನಗೂ ಕಲಿಸಲು ನೋಡಿ, ಎರಡನೇ ದಿನವೇ ಕೈಬಿಟ್ಟಳು. ನಾನು ಕೀಲಿ ಒತ್ತುವುದಕ್ಕಿಂತ ಕೀಲಿಯ ಕೆಳಗೆ ಏನಿದೆ ಎಂದು ಬಗ್ಗಿ ನೋಡುತ್ತಿದ್ದುದೇ ಹೆಚ್ಚು.

ಬಗ್ಗಿ ನೋಡುವುದನ್ನೇ ನಾನು ಹೊಟ್ಟೆಪಾಡು ಮಾಡಿಕೊಂಡೆ. ಕಡೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ, ಅದರ ಹಿಂದೆಯೇ ಮನೆ, ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಅವ್ವ. ಸಖರಾಯಪಟ್ಟಣದ ತೆಂಗಿನ ತೋಟದವರ ದೊಡ್ಡ ರೇಡಿಯೋಗಳು, ಎಮ್ಮೆದೊಡ್ಡಿ ಕಡೆಯ ದನ ಕಾಯುವವರ ಸಣ್ಣ ಟ್ರಾನ್ಸಿಸ್ಟರುಗಳು, ಒಳಗೆ ಹಲ್ಲಿ ಮೊಟ್ಟೆಯಿಟ್ಟ ಟೇಪ್ ರೆಕಾರ್ಡರುಗಳು ಎಲ್ಲ ನನ್ನಲ್ಲಿಗೆ ಬರುತ್ತಿದ್ದವು. ಎಂಬತ್ತರ ದಶಕದ ನಡುವೆ, ಊರಿಗೆ ಟೀವಿಯೇ ಹೊಸದಾಗಿದ್ದಾಗ, ನನಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಜಾಹೀರಾತು ನೋಡಿ ಅಂಚೆಯಲ್ಲಿ ಬಿಡಿಭಾಗಗಳನ್ನು ತರಿಸಿದೆ. ಕ್ಯಾಬಿನೆಟ್ ಒಡೆದು ನನ್ನಲ್ಲೇ ಬಿದ್ದಿದ್ದ ಪುಟ್ಟ ಕಪ್ಪುಬಿಳುಪು ಟೀವಿಯೊಂದಿತ್ತು. ಎಲ್ಲವನ್ನೂ ಸೇರಿಸಿ ಬಡಗಿಯ ಕೈಲಿ ಒಂದೇ ಪೆಟ್ಟಿಗೆ ಮಾಡಿಸಿದೆ. ಮೇಲೆ ಅಂಗೈಯಗಲದ ಪರದೆ, ಕೆಳಗೆ ಗುಂಡಿಗಳು, ಪಕ್ಕದಲ್ಲಿ ಟೇಪ್ ರೆಕಾರ್ಡರು. ಹಿಡಿ ಹಿಡಿದು ಎತ್ತಿಕೊಂಡು ಹೋಗಬಹುದಿತ್ತು, ಎಲ್ಲಿಗೆ ಎಂದು ಮಾತ್ರ ಕೇಳಬೇಡಿ. ಎಮ್ಮೆದೊಡ್ಡಿಯ ಹಿರಿಯರೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, "ಇದ್ರಲ್ಲಿ ವಾರ್ತೆ ಬತ್ತದೇನಪ್ಪಾ?" ಎಂದರು. ಇಲ್ಲ ಎಂದೆ. "ಹಾಡು?" ಅದೂ ಇಲ್ಲ. "ಮತ್ಯಾಕೆ ಕರೆಂಟು ಸುಡ್ತೀಯ" ಎಂದು ತಮ್ಮ ಟ್ರಾನ್ಸಿಸ್ಟರನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು ನಡೆದರು.

ಅದಕ್ಕೆ ಏನಾದರೂ ಕೆಲಸ ಹೇಳಬೇಕಾದರೆ ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲು ಸಾಲಾಗಿ ಟೈಪು ಮಾಡಬೇಕಿತ್ತು. ಸಾಲಿಗೊಂದು ನಂಬರು, ಹತ್ತು, ಇಪ್ಪತ್ತು, ಮೂವತ್ತು ಎಂದು. ಅದರ ಜೊತೆ ಬಂದ ಗುಂಡಿಗಳೋ, ಕರೆಗಂಟೆಯ ಗುಂಡಿಗಳಷ್ಟು ಗಟ್ಟಿ. ಹೆಬ್ಬೆರಳಿನಿಂದ ಅದುಮಬೇಕು, ಅದುಮಿದರೆ ಒಂದು ಅಕ್ಷರದ ಜಾಗದಲ್ಲಿ ಮೂರು ಬೀಳುತ್ತಿತ್ತು, ಇಲ್ಲವಾದರೆ ಒಂದೂ ಇಲ್ಲ. ನಲವತ್ತು ಸಾಲಿನ ಪ್ರೋಗ್ರಾಮಿಗೆ ನನಗೆ ಮೂರು ದಿನ ಹಿಡಿಯುತ್ತಿತ್ತು. ಮೂರನೆಯ ದಿನ ಕರೆಂಟು ಹೋಗುತ್ತಿತ್ತು.

ಆ ವರ್ಷವೇ ಅಕ್ಕ ಬಚ್ಚಲಿನ ಮುಂದೆ ಜಾರಿಬಿದ್ದು ಬಲ ಮೊಣಕೈ ಮುರಿದುಕೊಂಡಳು. ಮೂಳೆ ಕೂಡಿತು. ಆದರೆ ಕಿರುಬೆರಳು, ಅದರ ಪಕ್ಕದ ಉಂಗುರ ಬೆರಳು ಎರಡೂ ಸೋತುಹೋದವು. ನರಕ್ಕೆ ಪೆಟ್ಟಾಗಿದೆ, ನಿಧಾನವಾಗಿ ಸರಿಹೋಗಬಹುದು ಎಂದರು. ತುತ್ತು ಕಲಸಲು, ಕುಂಕುಮ ಇಟ್ಟುಕೊಳ್ಳಲು ಅವೇನೂ ಬೇಕಿಲ್ಲ. ಟೈಪು ಮಾಡಲು ಬೇಕು. ಹಳೆಯ ಕಾಲದ ಮಿಷಿನ್‌ಗಳ ಕೀಲಿ ಕಬ್ಬಿಣದ್ದು, ಒಳ್ಳೆ ಏಟು ಹಾಕದೆ ಅಕ್ಷರ ಮೂಡುವುದಿಲ್ಲ. ಒಂದು ಬೆಳಿಗ್ಗೆ ಹುಡುಗಿಯೊಬ್ಬಳು ಏನೋ ಕೇಳಿದಾಗ ಮಾಡಿ ತೋರಿಸಲು ಕುಳಿತಳಂತೆ. ಹಾಳೆಯ ಮೇಲೆ ಆ ಎರಡು ಬೆರಳುಗಳ ಅಕ್ಷರವಿರಬೇಕಾದ ಕಡೆಯೆಲ್ಲ ಬರೀ ಬಿಳಿ. ಅಕ್ಕ ಮೆಟ್ಟಿಲಿಳಿದು ಬಂದವಳು ಮತ್ತೆ ಮೇಲೆ ಹತ್ತಲಿಲ್ಲ. ಹಳೇ ವಿದ್ಯಾರ್ಥಿನಿಯೊಬ್ಬಳನ್ನು ನೋಡಿಕೊಳ್ಳಲು ಹೇಳಿ, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಕಡೂರಿಗೆ ಬಂದವಳು ಎರಡು ತಿಂಗಳಾದರೂ ಹೊರಡುವ ಮಾತೆತ್ತಲಿಲ್ಲ. ಭಾವ ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ಕಾಫಿ ಕುಡಿದು, ಏನೂ ಕೇಳದೆ ಹೋಗುತ್ತಿದ್ದರು. ಬಟ್ಟೆಯಂಗಡಿಯ ಮೃದು ಮನುಷ್ಯ, ಹೆಂಡತಿಯ ಮುಂದಂತೂ ಇನ್ನೂ ಮೃದು. ಕೊನೆಗೊಂದು ದಿನ ಹೇಳಿದರು, ಬೀರೂರಿನಲ್ಲಿ ಒಬ್ಬರು ಹೊಸ ಇನ್‌ಸ್ಟಿಟ್ಯೂಟ್ ತೆಗೆಯುತ್ತಾರಂತೆ, ಆರೂ ಮಿಷಿನ್ ಕೊಡುತ್ತೀರಾ ಎಂದು ಕೇಳಿದ್ದಾರೆ, ಮುಂದಿನ ತಿಂಗಳ ಕೊನೆಗೆ ಉತ್ತರ ಹೇಳಬೇಕು ಎಂದು. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. "ಕೊಟ್ರಾಯ್ತು ಬಿಡಿ" ಎಂದಳು. ಸುಲಿಯುವುದನ್ನು ಅವಳು ಎಡಗೈಯಲ್ಲೇ ಮಾಡುತ್ತಿದ್ದಳು.

ಈಗ ನಾನು ಅಕ್ಕನನ್ನು ಉದ್ಧಾರ ಮಾಡಲು ಟೊಂಕ ಕಟ್ಟಿ ನಿಂತೆ ಎಂದರೆ ನಿಮಗೂ ಸಂತೋಷವಾಗುತ್ತದೆ, ನನಗೂ ಘನತೆ. ನಿಜ ಹೇಳಿಬಿಡುತ್ತೇನೆ: ನನಗೆ ಬೇಕಿದ್ದುದು ಪ್ರೋಗ್ರಾಮು ಟೈಪು ಮಾಡಿಕೊಡುವ ಒಬ್ಬರು. ಒಂದು ಮಧ್ಯಾಹ್ನ ನಾನು ಎರಡು ಹೆಬ್ಬೆರಳಿನಿಂದ ಹೆಣಗುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ.

"ಲೇ ಶಿವು, ಟೈಪ್ ಮಾಡ್ತಿದ್ದೀಯೋ, ತಿಗಣೆ ಸಾಯಿಸ್ತಿದ್ದೀಯೋ?"

"ಗುಂಡಿ ಗಟ್ಟಿ ಕಣಕ್ಕ."

ಎಡಗೈಯ ಒಂದು ಬೆರಳು ಇಟ್ಟು ನೋಡಿದಳು. "ಥೂ. ಇದ್ಕೆ ಬೆರಳಲ್ಲ, ಒನಕೆ ಬೇಕು. ಇದನ್ನ ಮಾಡ್ದೋನು ಜನ್ಮದಲ್ಲಿ ಟೈಪ್ ಮಾಡಿಲ್ಲ. ಸಾಲು ನೇರಕ್ಕಿವೆ, ಬೆರಳು ಓರೆಯಾಗಿ ಇಳಿಯುತ್ತೆ ಅನ್ನೋದೂ ಗೊತ್ತಿಲ್ವಾ ಅವ್ನಿಗೆ?"

ಎರಡು ತಿಂಗಳಲ್ಲಿ ಅವಳು ಬೈದದ್ದು ಅದೇ ಮೊದಲು. ಕೇಳಿ ನನಗೂ ಅವ್ವನಿಗೂ ಹಾಲು ಕುಡಿದಷ್ಟು ಖುಷಿಯಾಯಿತು. "ಹಂಗಾದ್ರೆ ಹೆಂಗಿರ್ಬೇಕು ಹೇಳು, ಮಾಡ್ತೀನಿ" ಎಂದೆ. ಅವಳು ಪೇಪರು ತರಿಸಿ, ತನ್ನ ಮಿಷಿನ್ನಿನ ನಾಲ್ಕು ಸಾಲುಗಳನ್ನು ಎಡಗೈಯಲ್ಲಿ ಬರೆದುಕೊಟ್ಟಳು, ಯಾವ ಕೀಲಿ ಯಾವುದರಿಂದ ಎಷ್ಟು ಓರೆ ಎಂಬುದರ ಸಮೇತ. ಕಣ್ಣು ಮುಚ್ಚಿಕೊಂಡು ಬರೆದಳು ಎಂದರೂ ತಪ್ಪಿಲ್ಲ.

ಮುಂದಿನ ವಾರ ಭಾವ ಬಂದಾಗ ಗೋಣಿಚೀಲದಲ್ಲಿ ನಾನು ಹೇಳಿಕಳಿಸಿದ್ದ ಇನ್‌ಸ್ಟಿಟ್ಯೂಟಿನ ಏಳನೆಯ ಮಿಷಿನ್ ಇತ್ತು. ಮಾವನವರ ಕಾಲದ್ದು, ಕೆಟ್ಟು ಮೂಲೆ ಸೇರಿದ್ದು. ಬಸ್ಸಿನ ಕಂಡಕ್ಟರು ಅದಕ್ಕೂ ಟಿಕೆಟ್ ತೆಗೆಸಿದನಂತೆ. ಅದರ ಕೀಲಿಗಳನ್ನು, ಸುತ್ತ ಬಿಳಿ ಲೋಹದ ಬಳೆಯಿದ್ದ ದುಂಡು ಕೀಲಿಗಳನ್ನು, ಕಾಂಡದ ಸಮೇತ ಗರಗಸದಲ್ಲಿ ಕೊಯ್ದು ತೆಗೆದೆ. ಅಕ್ಕ ಪೇಪರು ಹಾಸಿ ಸಾಲಾಗಿ ಇಟ್ಟಳು. ಹಲಗೆಯೊಂದಕ್ಕೆ ಅವಳ ನಕ್ಷೆಯಂತೆ ತೂತು ಕೊರೆದು, ಪ್ರತಿ ಕಾಂಡದ ಕೆಳಗೆ ಎರಡೆರಡು ಹಿತ್ತಾಳೆ ಪಟ್ಟಿ ಕೂರಿಸಿದೆ. ಕೀಲಿ ಒತ್ತಿದರೆ ಪಟ್ಟಿಗಳು ತಾಗಬೇಕು, ಬಿಟ್ಟರೆ ಮೇಲೆ ಬರಬೇಕು. ಮೇಲೆ ಬರಲು ಸ್ಪ್ರಿಂಗು ಬೇಕಲ್ಲ, ಅಲ್ಲಿಗೆ ಬಂತು ಬಾಲ್‌ಪೆನ್ನು.

ಕಡೂರಿನಲ್ಲಿ ಆ ತಿಂಗಳು ಕೈಯಲ್ಲಿ ಪೆನ್ನು ಹಿಡಿದು ನನ್ನ ಅಂಗಡಿಯ ಮುಂದೆ ಹಾದವರೆಲ್ಲ ಅನುಭವಿಸಿದರು. ಮೇಷ್ಟರುಗಳು, ಕಚೇರಿಯ ಗುಮಾಸ್ತರು, ಖಾತೆ ಬದಲಾವಣೆಗೆ ಅರ್ಜಿ ಬರೆಸಲು ಬಂದ ರೈತರು ಯಾರನ್ನೂ ಬಿಡಲಿಲ್ಲ. ಸಾಲದ್ದಕ್ಕೆ ರೈಲು ಹತ್ತಿ ಅಜ್ಜಂಪುರಕ್ಕೆ ಹೋಗಿ, ನಾನು ಮೊದಲ ಪೆನ್ನು ಕೊಂಡ ಅದೇ ಪುಸ್ತಕದಂಗಡಿಯಲ್ಲಿ ಒಣಗಿಹೋದ ಪೆನ್ನುಗಳ ಡಬ್ಬಿಯನ್ನೇ ಕೇಳಿ ತಂದೆ. ಅಂಗಡಿಯ ಮುದುಕಪ್ಪ, "ಚಿಕ್ಕೋನಾಗಿದ್ದಾಗಲೂ ಹಿಂಗೇ ಇದ್ದೆ ಬಿಡು" ಎಂದು ಕಳಿಸಿಕೊಟ್ಟರು.

ಸ್ಪ್ರಿಂಗಿನಲ್ಲಿ ಇಷ್ಟು ಜಾತಿಯಿದೆ ಎಂದು ನನಗೆ ಆಗ ತಿಳಿಯಿತು. ಯಾವುದು ಎಷ್ಟು ಬಿಗಿ ಎಂದು ಅಳೆಯುವುದು ಹೇಗೆ? ದಾರಿ ತೋರಿಸಿದವಳು ಅವ್ವ. ಅವಳ ಬಳಿ ಹುಣಸೆಬೀಜದ ದೊಡ್ಡ ಡಬ್ಬಿಯಿತ್ತು. ಕೀಲಿಯ ಮೇಲೆ ಔಷಧಿ ಬಾಟಲಿಯ ಮುಚ್ಚಳ ಕೂರಿಸಿ, ಕೀಲಿ ಕೆಳಗಿಳಿಯುವವರೆಗೆ ಒಂದೊಂದೇ ಬೀಜ ಹಾಕುವುದು. ಎಷ್ಟು ಬೀಜಕ್ಕೆ ಇಳಿಯಿತೋ ಅದು ಅದರ ಬಿಗಿ. ಅಕ್ಕ ಎಣಿಸುವಳು, ನಾನು ಬರೆದುಕೊಳ್ಳುವುದು. ಎಡಗೈ ಬೆರಳುಗಳಿಗೆ ನಲವತ್ತು ಬೀಜ ಹಾಯಾಗಿದೆ ಎಂದಳು. ಬಲಗೈ ತೋರುಬೆರಳಿಗೂ ಅಷ್ಟೇ. ನಡುಬೆರಳಿಗೆ ಮೂವತ್ತೈದು.

"ಆ ಎರಡಕ್ಕೆ?" ಎಂದೆ, ಅವಳ ಮುಖ ನೋಡದೆ.

"ಆ ಎರಡು ಬಿಡು. ನಿಂಗೆ ತಾನೆ ಮಾಡ್ಕೋತಿರೋದು?"

"ನನ್ನ ಬೆರಳು ಹೆಡ್ಡ ಬೆರಳು ಕಣಕ್ಕ. ಎಲ್ಲಾರಿಗಿಂತ ಸೋತ ಬೆರಳಿಗೆ ಆಗೋ ಹಂಗೆ ಮಾಡಿದ್ರೆ ಎಲ್ಲಾರಿಗೂ ಆಗುತ್ತೆ."

ನಾನು ಆಡಿದ ಮಾತುಗಳಲ್ಲಿ ಅಷ್ಟು ಜಾಣತನದ್ದು ಬೇರೆ ನೆನಪಾಗುವುದಿಲ್ಲ. ಅಕ್ಕ ಬಲಗೈ ಮುಂದೆ ಚಾಚಿದಳು. ಇಪ್ಪತ್ತೈದು ಬೀಜದ ಸ್ಪ್ರಿಂಗು ಹಾಕಿದೆ, ಉಂಗುರ ಬೆರಳು ನಡುಗಿತು, ಕೀಲಿ ಇಳಿಯಲಿಲ್ಲ. ಇಪ್ಪತ್ತೆರಡಕ್ಕೆ ಅರ್ಧ ಇಳಿಯಿತು. ಸ್ಪ್ರಿಂಗಿನ ಸುರುಳಿ ಕತ್ತರಿಸಿ, ಎಳೆದು, ಕಾಯಿಸಿ ಏನೇನೋ ಮಾಡಿದೆ. ಎಂಟು ದಿನ ಹಿಡಿಯಿತು. ಹದಿನೆಂಟಕ್ಕೆ ಉಂಗುರ ಬೆರಳು ಕೀಲಿಯನ್ನು ತಳದವರೆಗೆ ಒತ್ತಿತು, ಕಿರುಬೆರಳು ಹದಿನಾಲ್ಕಕ್ಕೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿ ಹೋದಳು. ಅಕ್ಕ ಮಾತ್ರ, "ಒತ್ತೋದು ಬೇರೆ, ಟೈಪ್ ಮಾಡೋದು ಬೇರೆ" ಎಂದಳು.

ಹಳೆಯ ಗುಂಡಿಗಳನ್ನು ಕಿತ್ತು, ತಂತಿಗಳನ್ನೆಲ್ಲ ಹೊಸ ಕೀಲಿಗಳಿಗೆ ಬೆಸೆದೆ. ಸಾಲು ಮುಗಿಸುವ ದೊಡ್ಡ ಗುಂಡಿಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡೆ. ಕೆಲಸ ಮುಗಿದಾಗ ಒಂದು ಜೊತೆ ತಂತಿ ಉಳಿಯಿತು. ಹಲಗೆಯಲ್ಲಿದ್ದ ಅಷ್ಟೂ ಕೀಲಿಗೆ ಬೆಸುಗೆ ಆಗಿದೆ, ಅಷ್ಟನ್ನೂ ಒತ್ತಿ ನೋಡಿದ್ದೇನೆ, ಅಷ್ಟೂ ಪರದೆಯ ಮೇಲೆ ಮೂಡುತ್ತಿವೆ. ಮತ್ತೆ ಉಳಿದ ತಂತಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಸ್ವಭಾವ ನನ್ನದಲ್ಲ. ಟೇಪು ಸುತ್ತಿ ಒಳಗೆ ತುರುಕಿದೆ.

ಭಾವನಿಗೆ ಉತ್ತರ ಹೇಳಬೇಕಾಗಿದ್ದ ವಾರ ಅದು. ಭಾನುವಾರ ಮಧ್ಯಾಹ್ನ ಅಕ್ಕ ತಲೆ ಬಾಚಿ, ಮುಖ ತೊಳೆದು ಬಂದಳು. "ನೀನು ಮುಂದೆ ಹೋಗಿ ಕೂತ್ಕೋ. ನೋಡ್ತಾ ನಿಂತ್ರೆ ನಂಗಾಗಲ್ಲ" ಎಂದು ಪತ್ರಿಕೆ ತೆರೆದು ಪಕ್ಕದಲ್ಲಿಟ್ಟುಕೊಂಡಳು. ನಾನು ಅಂಗಡಿಯ ಮುಂಭಾಗಕ್ಕೆ ಬಂದು ಯಾವುದೋ ರೇಡಿಯೋ ಬಿಚ್ಚಿದಂತೆ ಮಾಡುತ್ತ ಕಿವಿಯನ್ನು ಒಳಗಿಟ್ಟೆ. ಟಕಟಕಟಕ, ಒಂದು ಸಾಲಿನಷ್ಟು. ನಿಂತಿತು. ಮತ್ತೆ ಟಕಟಕ, ಅಷ್ಟೇ ಉದ್ದ. ನಿಂತಿತು. ಮೂರನೆಯ ಸಲ ಸ್ವಲ್ಪ ನಿಧಾನ. ಆಮೇಲಾಮೇಲೆ ಒಂದೊಂದೇ ಅಕ್ಷರ. ಒಂಬತ್ತು ಸಲ ಎಣಿಸಿದೆ. ಆಮೇಲೆ ಕುರ್ಚಿ ಸರಿದ ಸದ್ದಾಯಿತು.

ಅಕ್ಕ ಬಂದು ಬಾಗಿಲಿಗೆ ಒರಗಿ ನಿಂತಳು. "ನಾಳೆ ನಿಮ್ಮ ಭಾವ ಬಂದ್ರೆ ಹೇಳ್ಬಿಡು, ಬೀರೂರಿನವ್ರಿಗೆ ಕೊಟ್ಬಿಡ್ಲಿ. ಮೊದಲ್ನೇ ಸಾಲೇ ತಪ್ಪು ತಪ್ಪು ಅಂತಿದೆ ನಿನ್ನ ಪೆಟ್ಟಿಗೆ. ಶುರುವಿನ ಏಟೇ ಉಂಗುರ ಬೆರಳಿಂದು. ಅದು ಸರಿಯಾಗಿ ಬೀಳ್ತಿಲ್ಲ."

ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಒಳಗೆ ಹೋಗಿ ನೋಡಿದೆ. ಮಬ್ಬು ಪರದೆಯ ಮೇಲೆ ಒಂದೇ ಸಾಲು ಒಂಬತ್ತು ಸಲ, ಪ್ರತಿಯೊಂದರ ಕೆಳಗೂ ತಪ್ಪು ಎಂಬ ಇಂಗ್ಲಿಷ್ ಮಾತು. ನನ್ನ ಕಣ್ಣಿಗೆ ಸಾಲಿನಲ್ಲಿ ಒಂದು ತಪ್ಪೂ ಕಾಣಲಿಲ್ಲ. ಹತ್ತು ಎಂದು ಶುರುವಾಗಿದೆ, ಮುಂದಿನದೆಲ್ಲ ಪತ್ರಿಕೆಯಲ್ಲಿದ್ದಂತೆಯೇ ಇದೆ. ನಾನೇ ಹೊಡೆದು ನೋಡೋಣ ಎಂದು ಕುಳಿತೆ. ಹತ್ತು. ಮೊದಲು ಒಂದು. ಒಂದಂಕಿ ಎಲ್ಲಿ? ಮೇಲಿನ ಸಾಲಿನಲ್ಲಿ ಎರಡು ಇದೆ, ಮೂರು ಇದೆ. ಎರಡರ ಎಡಕ್ಕೆ ಹಲಗೆ ಖಾಲಿ.

"ಅಕ್ಕಾ, ಒಂದಕ್ಕೆ ಯಾವುದು ಒತ್ತಿದೆ?"

"ಇನ್ಯಾವುದು, ಉಂಗುರ ಬೆರಳಿನ ಕೆಳಗಿರೋ ಎಲ್. ಚಿಕ್ಕ ಎಲ್ ಹೊಡೆದ್ರೆ ಅದೇ ಒಂದು. ಹತ್ತು ವರ್ಷದಿಂದ ಅದನ್ನೇ ಹೊಡೀತಿದ್ದೀನಿ, ಹುಡುಗ್ರಿಗೂ ಅದನ್ನೇ ಹೇಳ್ಕೊಟ್ಟಿದ್ದೀನಿ. ಮಿಷಿನ್ನಲ್ಲಿ ಒಂದಕ್ಕೆ ಬೇರೆ ಕೀಲಿ ಎಲ್ಲಿರುತ್ತೆ?"

ನಾನು ಪೆಟ್ಟಿಗೆಯ ಹಿಂಬದಿಯ ಸ್ಕ್ರೂ ಬಿಚ್ಚಿ, ತುರುಕಿದ್ದ ತಂತಿಯನ್ನು ಹೊರಗೆಳೆದು, ಟೇಪು ಕಿತ್ತು ಎರಡು ತುದಿ ತಾಗಿಸಿದೆ. ಪರದೆಯ ಮೇಲೆ ಒಂದು ಮೂಡಿತು. ಅವಳು ಹೊಡೆದ ಅಕ್ಷರದ ಪಕ್ಕದಲ್ಲಿಟ್ಟು ನೋಡಿದರೆ, ಆ ಪುಟ್ಟ ಪರದೆಯಲ್ಲಿ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಹಾಳೆಯ ಮೇಲೆ ಓದುವ ಮನುಷ್ಯನಿಗೆ ಎರಡೂ ಒಂದೇ. ಈ ಪೆಟ್ಟಿಗೆಗೆ ಅಂಕಿ ಬೇರೆ, ಅಕ್ಷರ ಬೇರೆ. ಟೈಪಿಸ್ಟಳ ನಕ್ಷೆಯಲ್ಲಿ ಇಲ್ಲದ ಕೀಲಿಯನ್ನು ನಾನು ಹಲಗೆಯಲ್ಲಿ ಕೊರೆಯಲಿಲ್ಲ. ತಪ್ಪು ನನ್ನದು ಕಣಕ್ಕ, ಒಂದಂಕಿಯ ತಂತಿಯನ್ನೇ ಒಳಗೆ ಹುಗಿದುಬಿಟ್ಟಿದ್ದೆ ಎಂದು ತಲೆ ಕೆರೆದುಕೊಂಡೆ. ಬೈಗುಳಕ್ಕೆ ಕಾದೆ.

ಅಕ್ಕ ನನ್ನನ್ನು ನೋಡುತ್ತಲೇ ಇರಲಿಲ್ಲ. ಪರದೆಯ ಹತ್ತಿರ ಬಗ್ಗಿ ಒಂದೊಂದೇ ಸಾಲಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗೆ ಬಂದಳು.

"ಹಂಗಾದ್ರೆ ಇಲ್ಲಿ ಬಿದ್ದಿರೋದು ಎಲ್ ಅಕ್ಷರನೇ ತಾನೆ?"

"ಹೂಂ ಕಣಕ್ಕ. ಅದಕ್ಕೇ ತಪ್ಪು ಅಂತ ಬಂದಿರೋದು."

"ಒಂಬತ್ತು ಸಲನೂ?"

"ಒಂಬತ್ತು ಸಲನೂ."

"ಒಂದ್ಸಲನೂ ಪಕ್ಕದ್ದು ಬಿದ್ದಿಲ್ಲ? ಖಾಲಿ ಹೋಗಿಲ್ಲ?"

"ಇಲ್ಲ. ಬೇಕಾದ್ರೆ ನೀನೇ ನೋಡು."

ಅವಳು ಬಲಗೈ ಎತ್ತಿ ಉಂಗುರ ಬೆರಳನ್ನು ನೋಡಿಕೊಂಡಳು. ಆಮೇಲೆ ಕುರ್ಚಿ ಎಳೆದು ಕುಳಿತಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಕೈ ಎರಡೂ ಆಗಲೇ ಕೀಲಿಗಳ ಮೇಲಿದ್ದವು. ನಾನು ಒಂದಕ್ಕೆ ಹೊಸ ತೂತು ಕೊರೆಯಲು ಡ್ರಿಲ್ಲು ತರುತ್ತೇನೆ ಎಂದೆ. "ಅದೆಲ್ಲ ಆಮೇಲೆ. ನೀನು ಅಲ್ಲೇ ತಂತಿ ಹಿಡ್ಕೊಂಡು ಕೂತ್ಕೋ, ನಾನು ಹೇಳ್ದಾಗ ತಾಗ್ಸು" ಎಂದಳು. ಹಾಗಾಗಿ ನಾನು ಪೆಟ್ಟಿಗೆಯ ಹಿಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಅವಳು "ಒಂದು" ಎಂದಾಗಲೆಲ್ಲ ತಂತಿ ತಾಗಿಸಿದೆ. ಆ ದಿನವೂ ಮಾರನೆಯ ದಿನವೂ ನನ್ನ ಅಂಗಡಿಗೆ ಬಂದವರು ಬಂದ ಹಾಗೇ ವಾಪಸು ಹೋದರು. ಎಂಥ ಪ್ರೋಗ್ರಾಮಿನಲ್ಲೂ ಒಂದು ಎಷ್ಟು ಸಲ ಬರುತ್ತದೆ ಎಂದು ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು.

ಸೋಮವಾರ ಸಂಜೆ ಭಾವ ಬಂದರು. ಚಪ್ಪಲಿ ಕಳಚಿದವರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹಾಗೇ ನಿಂತರು. ಅಕ್ಕನ ಹತ್ತು ಬೆರಳೂ ಓಡುತ್ತಿದ್ದವು, ಮೊದಲಿನಷ್ಟು ಬೇಗ ಅಲ್ಲ, ಆದರೆ ಒಂದೂ ಸುಮ್ಮನೆ ನಿಂತಿರಲಿಲ್ಲ. ಭಾವ ಬಾಗಿಲಿನಿಂದಲೇ ಕೇಳಿದರು.

"ಬೀರೂರಿನವ್ರಿಗೆ ಏನ್ ಹೇಳ್ಲಿ?"

"ಮಿಷಿನ್ ಕೊಡಲ್ಲ ಅಂತ ಹೇಳಿ" ಎಂದಳು ಅಕ್ಕ, ತಲೆ ಎತ್ತದೆ. "ಅಲ್ಲಿರೋದ್ರಲ್ಲಿ ಒಂದಕ್ಕೆ ಶಿವು ಬಂದು ಬಲಗಡೆ ಸ್ಪ್ರಿಂಗು ಬದಲಾಯಿಸ್ತಾನೆ. ಬೆಳಿಗ್ಗೆ ಏಳರ ಬ್ಯಾಚಿಗೆ ನಾನಿರ್ಬೇಕು. ತರೀಕೆರೆಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

"ಐದೂಮುಕ್ಕಾಲಿಗೆ."

"ಹಂಗಾದ್ರೆ ನೀವೂ ಇಲ್ಲೇ ಉಳ್ಕೊಳ್ಳಿ. ಒಟ್ಟಿಗೇ ಹೋಗಾಣ."

ಭಾವ ರಿಪೇರಿಗೆ ಬಂದಿದ್ದ ರೇಡಿಯೋ ಒಂದರ ಮೇಲೆ ಕುಳಿತುಬಿಟ್ಟರು. ಅದು ಲಟಕ್ ಎಂದಿತು.

"ಶಿವು, ಒಂದು" ಎಂದಳು ಅಕ್ಕ.

ನಾನು ತಂತಿ ತಾಗಿಸಿದೆ.